ಎಡ ಚಕ್ರದ ಗೀರು

ಆ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ ಮನುಷ್ಯನ ಸ್ವಂತ ಕಾರಿನ ಎಡ ಚಕ್ರಕ್ಕೇ ಗೀರು ಬಿದ್ದಿತ್ತು. ಹೋಗಲಿ ಬಿಡು ಎನ್ನುವಂಥ ಗೀರಲ್ಲ. ಅಲಾಯ್ ರಿಮ್ಮಿನ ಅಂಚನ್ನು ಯಾರೋ ಫುಟ್‌ಪಾತಿನ ಕಲ್ಲಿಗೆ ಒತ್ತಿ ಹಿಡಿದು ತೇಯ್ದ ಹಾಗೆ ಗೇಣುದ್ದಕ್ಕೆ ಬಣ್ಣ ಕಿತ್ತುಹೋಗಿ, ಒಳಗಿನ ಲೋಹ ಹಲ್ಲು ಕಿರಿಯುತ್ತಿತ್ತು.

ಈ ಮನುಷ್ಯನನ್ನು ಎಲ್ಲರೂ ಕ್ಲಚ್ ಮೇಷ್ಟ್ರು ಎನ್ನುತ್ತಿದ್ದರು. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಪಕ್ಕಕ್ಕೆ ಕೂತು ಇಡೀ ದಿನ "ಕ್ಲಚ್ಚು, ಕ್ಲಚ್ಚು!" ಎಂದು ಕೂಗಿ ಕೂಗಿ ಸಂಪಾದಿಸಿದ ಬಿರುದು ಅದು. ಅವರ ಹತ್ತಿರ ಕಲಿತವರು ಗೇರು ಮರೆತರೂ ಅವರ ಗಂಟಲು ಮರೆಯುತ್ತಿರಲಿಲ್ಲ. ಕ್ಲಚ್ಚು ಬಿಟ್ಟರೆ ಅವರಿಗೆ ಮುಖ್ಯವಾದದ್ದು ಎಡಗಡೆ. "ಬಲಗಡೆ ಕಣ್ಣಿಗೆ ಕಾಣುತ್ತೆ. ಎಡಗಡೆ ಮನಸ್ಸಿಗೆ ಕಾಣ್ಬೇಕು. ತನ್ನ ಎಡ ಚಕ್ರ ಎಲ್ಲಿದೆ ಅಂತ ಗೊತ್ತಿಲ್ಲದೋರು ಗಾಡಿ ಮುಟ್ಟಲೇಬಾರ್ದು" ಎಂದು ಮೊದಲ ಪಾಠದಲ್ಲೇ ಹೇಳಿಬಿಡುತ್ತಿದ್ದರು.

ಹಾಗಿರುವಾಗ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳ ತಂದೆ, ಮನೆ ಮುಂದೆ ನಿಂತಿದ್ದ ಕಾರನ್ನು ನೋಡಿ, "ಏನ್ ಮೇಷ್ಟ್ರೇ, ನಿಮ್ಮ ಗಾಡಿಗೇ ಹೀಗಾ?" ಎಂದು ನಕ್ಕು ಹೋದರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಗ್ಯಾರೇಜಿಗೆ ಕೊಟ್ಟರೆ ಇನ್ನೂ ನಾಲ್ಕು ಜನ ನಗುತ್ತಾರೆ. ಗ್ಯಾರೇಜಿನವರಿಗೆ ನಟ್ಟು ಬಿಚ್ಚುವುದಕ್ಕಿಂತ ಮುಂಚೆ ಬಾಯಿ ಬಿಚ್ಚಿ ಅಭ್ಯಾಸ. ಹಾಗಾಗಿ ರಜೆಯ ದಿನ ಕಾಂಪೌಂಡಿನ ಗೇಟು ಹಾಕಿಕೊಂಡು ತಾವೇ ರಿಪೇರಿಗೆ ಕೂತರು.

ನೆಲಕ್ಕೆ ಗೋಣಿತಾಟು ಹಾಸಿ, ಜಾಕಿ ಏರಿಸಿ, ಚಕ್ರ ಕಳಚಿ ಮಲಗಿಸಿದರು. ಸೋಪು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದಿಗೊಂದಿಯ ಕಪ್ಪು ತೆಗೆದರು. ಗೀರಿನ ಚೂಪು ಅಂಚನ್ನು ಅರದಿಂದ ಸಮ ಮಾಡಿ, ಗುಂಡಿಯಿದ್ದಲ್ಲಿ ಪುಟ್ಟಿ ಮೆತ್ತಿ, ಒರಟು ಎಮರಿ ಪೇಪರಿನಿಂದ ಶುರುಮಾಡಿ ನೀರು ಮುಟ್ಟಿಸಿ ನಯವಾದ ಪೇಪರಿನವರೆಗೆ ಉಜ್ಜಿದ್ದೇ ಉಜ್ಜಿದ್ದು. ಕಣ್ಣಿಗೆ ಸಮ ಕಂಡರೂ ಬೆರಳಿಗೆ ತಗ್ಗು ಸಿಗುತ್ತಿತ್ತು. ಬೆರಳು ಒಪ್ಪುವವರೆಗೂ ಬಿಡಲಿಲ್ಲ. ಟಯರಿಗೆ ಬಣ್ಣ ಹಾರಬಾರದೆಂದು ಹೆಂಡತಿ ಹಳೆಯ ಇಸ್ಪೀಟು ಎಲೆಗಳನ್ನು ತಂದುಕೊಟ್ಟಳು. ರಿಮ್ಮಿಗೂ ಟಯರಿಗೂ ನಡುವಿನ ಸಂದಿಯಲ್ಲಿ ಒಂದರ ಪಕ್ಕ ಒಂದು ಎಲೆ ಸಿಕ್ಕಿಸಿದಾಗ ಚಕ್ರದ ಸುತ್ತ ರಾಜ, ರಾಣಿ, ಗುಲಾಮರು ದರ್ಬಾರು ಕೂತಂತಾಯಿತು. ನಟ್ಟು ಕೂರುವ ತೂತುಗಳಿಗೆ ಮೇಷ್ಟ್ರು ಕಾಗದದ ಉಂಡೆ ತುರುಕಿದರು. ಅಲ್ಲಿ ಬಣ್ಣ ಕೂತರೆ ನಟ್ಟು ಬಿಗಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಪ್ರೈಮರ್ ಚೆನ್ನಾಗಿಯೇ ಕೂತಿತು. ಬೆಳ್ಳಿ ಬಣ್ಣಕ್ಕೆ ಬಂದಾಗ ಆಸೆ ಹೆಚ್ಚಾಗಿ ಸ್ಪ್ರೇ ಡಬ್ಬಿಯನ್ನು ತೀರಾ ಹತ್ತಿರ ಹಿಡಿದರು. ಬಣ್ಣ ಸೊರಸೊರ ಇಳಿದುಬಂತು. ಹಲ್ಲು ಕಚ್ಚಿ, ಒಣಗಿಸಿ, ಮತ್ತೆ ಉಜ್ಜಿ, ಈ ಸಲ ದೂರದಿಂದ ತೆಳ್ಳಗೆ ಹೊಡೆದರು. ಮೇಲೆ ಹೊಳಪಿನ ಲ್ಯಾಕರ್ ಕೂತಾಗ ಅದರಲ್ಲಿ ತಮ್ಮ ಮೂಗೇ ಕಾಣುವುದನ್ನು ನೋಡಿ, "ಹೇಗಿದೆ?" ಎಂದರು.

"ಹೊಸದರ ಹಾಗೇ ಇದೆ ರೀ" ಎಂದಳು ಹೆಂಡತಿ. ಯಾಕೋ ಅವಳ ದನಿಯಲ್ಲಿ ಅಷ್ಟೇನೂ ಸಂತೋಷವಿರಲಿಲ್ಲ. ವಾರವಿಡೀ ಬೆಳಗಿನ ಹೊತ್ತು ಅವಳಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಅರ್ಧ ದಿನದ ಕೆಲಸ, ದಣಿದಿರಬೇಕು ಎಂದುಕೊಂಡರು.

ಆ ವಾರ ಮೇಷ್ಟ್ರು ಕಾರು ತೆಗೆದದ್ದು ಒಂದೇ ಸಲ, ದಿನಸಿ ತರಲು. ಶಾಲೆಗಂತೂ ಅವರು ನಡೆದೇ ಹೋಗುತ್ತಿದ್ದರು. ಮುಂದಿನ ರಜೆಗೆ ಕಾರು ಒರೆಸಲು ಬಟ್ಟೆ ಹಿಡಿದು ಬಗ್ಗಿದರೆ, ಅದೇ ಚಕ್ರ, ಅದೇ ಅಂಚು, ಹೊಸ ಗೀರು.

ದಿನಸಿ ಅಂಗಡಿಯ ಮುಂದೆ ನಿಲ್ಲಿಸಿದ್ದು ನೆನಪಿತ್ತು. ಕಲ್ಲಿಗೆ ತಾಗಿದ್ದು ನೆನಪಿರಲಿಲ್ಲ. ತಾಗಿದರೆ ಸದ್ದಾಗಬೇಕಲ್ಲ? ಸದ್ದು ಕೇಳಿಸಲಿಲ್ಲವೇ, ಅಥವಾ ಕೇಳಿಸಿದ್ದು ಮರೆತುಹೋಯಿತೇ? ಯಾವುದು ಹೆಚ್ಚು ಕೆಟ್ಟದ್ದು ಎಂದೂ ಅವರಿಗೆ ಬಗೆಹರಿಯಲಿಲ್ಲ. ಮತ್ತೆ ಜಾಕಿ ಏರಿಸಿದರು.

"ಬಿಡ್ರೀ, ಗೀರು ಇದ್ರೆ ಚಕ್ರ ಉರುಳಲ್ವಾ?" ಎಂದಳು ಹೆಂಡತಿ.

"ಉರುಳೋದಲ್ಲ ವಿಷಯ."

"ಹಾಗಾದ್ರೆ ಕೊಡಿ ಇಲ್ಲಿ. ಈ ಸಲ ನಾನು ಉಜ್ತೀನಿ." ಎಮರಿ ಪೇಪರ್ ಕಿತ್ತುಕೊಂಡು ಕೂತವಳು ಮೊಣಕೈ ನೋಯುವವರೆಗೂ ಉಜ್ಜಿದಳು. ಇವಳಿಗೇಕೆ ಇಷ್ಟು ಆಸ್ಥೆ ಎಂದು ಮೇಷ್ಟ್ರಿಗೆ ಸೋಜಿಗವಾಯಿತು.

ಆಮೇಲೆ ಬೇರೆ ಬೇರೆ ಚಿಹ್ನೆಗಳು ಕಾಣಿಸತೊಡಗಿದವು. ಒಂದು ಸಂಜೆ ಕಾರಿನಲ್ಲಿ ಕೂತರೆ ಮೊಣಕಾಲು ಸ್ಟೀರಿಂಗಿಗೆ ತಾಗಿತು. ಸೀಟು ಮುಂದಕ್ಕೆ ಬಂದಿದೆಯೋ, ಈ ವಯಸ್ಸಿನಲ್ಲಿ ತಮ್ಮ ಕಾಲೇ ಬೆಳೆದಿದೆಯೋ! ಮತ್ತೊಂದು ದಿನ ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ತಮ್ಮ ಗಂಟಲು ಕಾಣಿಸಿತು. ತಾವೇ ಸರಿಸಿ ಮರೆತಿರಬೇಕು. ಗೀರು ಮರೆತವನು ಕನ್ನಡಿ ಮರೆಯುವುದಿಲ್ಲವೇ? ಓದುವವರಿಗೆ ಇಷ್ಟು ಹೊತ್ತಿಗೆ ವಾಸನೆ ಬಡಿದಿರುತ್ತದೆ. ಮೇಷ್ಟ್ರಿಗೆ ಬಡಿಯಲಿಲ್ಲ. ತಮ್ಮ ಹೆಂಡತಿಗೆ ಕಾರು ಬರುವುದಿಲ್ಲ ಎಂಬುದು ಅವರ ಮಟ್ಟಿಗೆ ಎಂದೋ ಇತ್ಯರ್ಥವಾದ ಸಂಗತಿ. ಇತ್ಯರ್ಥವಾದದ್ದನ್ನು ಯಾರು ತಿರುಗಿ ನೋಡುತ್ತಾರೆ?

ಕಾಂಪೌಂಡಿನೊಳಗೆ ಇಟ್ಟಿಗೆ ಇಟ್ಟು ತಮ್ಮನ್ನೇ ಪರೀಕ್ಷೆ ಮಾಡಿಕೊಂಡರು. ಇಟ್ಟಿಗೆಯ ಪಕ್ಕದಲ್ಲಿ ಅಂಗೈಯಷ್ಟು ಜಾಗ ಬಿಟ್ಟು ಎಡ ಚಕ್ರ ದಾಟಿಸಬೇಕು. ದಾಟಿಸಿದರು. ಕಣ್ಣು ಕಿರಿದು ಮಾಡಿ, ಮಾತಾಡುತ್ತಾ, ಹಿಮ್ಮುಖವಾಗಿ, ಹೇಗೆ ದಾಟಿಸಿದರೂ ಇಟ್ಟಿಗೆ ಅಲುಗಲಿಲ್ಲ. ಇದರಿಂದ ಸಮಾಧಾನವಾಗುವ ಬದಲು ತಲೆ ಪೂರ್ತಿ ಕೆಟ್ಟಿತು. ಎಚ್ಚರ ಇದ್ದಾಗ ಸರಿ, ಎಚ್ಚರ ತಪ್ಪಿದಾಗ ತಪ್ಪು. ಹಾಗಾದರೆ ಎಚ್ಚರ ತಪ್ಪುವುದು ಯಾವಾಗ ಎಂದು ಗೊತ್ತಾಗುವುದಾದರೂ ಹೇಗೆ?

ಆ ಹೆದರಿಕೆ ಶಾಲೆಯ ಕಾರಿನೊಳಕ್ಕೂ ಹತ್ತಿ ಕೂತಿತು. ಪಕ್ಕದ ಸೀಟಿನ ಬ್ರೇಕನ್ನು ಬೇಕಿಲ್ಲದ ಕಡೆಯೆಲ್ಲ ಒತ್ತತೊಡಗಿದರು. "ಸಾರ್, ನಾನೇನು ತಪ್ಪು ಮಾಡ್ದೆ?" ಎಂದು ಕಲಿಯುವವರು ಕಕ್ಕಾಬಿಕ್ಕಿಯಾಗಿ ಕೇಳುತ್ತಿದ್ದರು. ಮನೆಯಲ್ಲಿ ಗೀರು ಮೂರನೆಯ ಸಲ ಕಾಣಿಸಿಕೊಂಡಿತು. ಪಾಠ ಹೇಳುವ ಬಾಯಿಗೂ ಗೀರು ಬಿದ್ದ ಚಕ್ರಕ್ಕೂ ತಾಳೆಯಾಗುವುದಿಲ್ಲ ಎನಿಸಿ, ಒಂದು ಮಧ್ಯಾಹ್ನ ಶಾಲೆಯ ಯಜಮಾನರ ಮುಂದೆ ಹೋಗಿ ನಿಂತರು.

"ಈ ತಿಂಗಳಿಗೆ ಬಿಡ್ತೀನಿ ಸಾರ್. ನನಗೆ ಎಡಗಡೆ ಅಂದಾಜು ಹೋಗಿದೆ."

"ಏನ್ ಮೇಷ್ಟ್ರೇ, ತಮಾಷೆನಾ?"

"ಜನರ ಮಕ್ಕಳ ಜೀವ ಸಾರ್. ತಮಾಷೆ ಮಾಡ್ತೀನಾ?"

ಯಜಮಾನರು ನಾಳೆ ಮಾತಾಡೋಣ ಎಂದು ಕಳಿಸಿದರು.

ಮನೆಗೆ ಬಂದವರೇ ಅಂಗಿ ಬದಲಿಸಿ ಚಕ್ರ ಕಳಚಿದರು. ಕೆಲಸ ಹೋದರೂ ಚಕ್ರ ಸರಿಯಿರಬೇಕು ಎಂಬ ಹಟವೋ, ಕೈಗೆ ಬೇರೆ ಕೆಲಸ ತೋಚದೆಯೋ, ಅವರಿಗೇ ತಿಳಿಯದು. ಪ್ರೈಮರ್ ಒಣಗಿ, ಬೆಳ್ಳಿ ಬಣ್ಣದ ಮೊದಲ ಕೋಟು ಹೊಡೆಯುತ್ತಾ, ಎದುರು ಕೂತಿದ್ದ ಹೆಂಡತಿಗೆ ಹವಾಮಾನದ ಸುದ್ದಿ ಹೇಳುವ ದನಿಯಲ್ಲಿ, "ಶಾಲೆ ಬಿಟ್ಟೆ ಕಣೇ" ಎಂದರು.

"ಯಾಕೆ?"

"ಇದು ಕಾಣಲ್ವಾ?" ಡಬ್ಬಿಯಿಂದ ಚಕ್ರ ತೋರಿಸಿದರು. "ನಾನು ಕಲ್ಲಿಗೆ ಉಜ್ಜಿದ್ದು ನನಗೇ ಗೊತ್ತಾಗ್ತಿಲ್ಲ. ಇನ್ನೊಬ್ಬರಿಗೆ ಏನು ಹೇಳಿಕೊಡ್ಲಿ?"

ಹೆಂಡತಿ ಎದ್ದು ನಿಂತಳು. ಸೆರಗಿಗೆ ಎರಡೆರಡು ಸಲ ಕೈ ಒರೆಸಿಕೊಂಡಳು. "ಅದು ನೀವು ಮಾಡಿದ್ದಲ್ಲ ರೀ. ನಾನು."

"ನೀನು ಏನು?"

"ಗಾಡಿ ತೆಗೆದಿದ್ದು. ಮಧ್ಯಾಹ್ನ, ಅಂಚೆ ಕಚೇರಿಯಿಂದ ಬಂದ ಮೇಲೆ. ನಿಲ್ಲಿಸೋವಾಗ ಕಲ್ಲಿಗೆ ತಾಗಿಬಿಡುತ್ತೆ."

ಮೇಷ್ಟ್ರ ಬೆರಳು ಡಬ್ಬಿಯ ಮೇಲೆಯೇ ಉಳಿದು, ಬಣ್ಣ ಒಂದೇ ಕಡೆ ಸುರಿದು ಧಾರೆಯಾಗಿ ಇಳಿಯಿತು. ಅವರು ನೋಡಲಿಲ್ಲ. "ನಿನಗೆ... ಗಾಡಿ ಎಲ್ಲಿ ಬರುತ್ತೆ?"

"ಹಿಂದಿನ ಬೀದಿಯ ಇನ್ನೊಂದು ಶಾಲೇಲಿ ಕಲಿತೆ. ಲೈಸೆನ್ಸೂ ಬಂತು."

"ಎಲ್ಲಿಗೆ ಹೋಗ್ತೀಯ?"

"ಎಲ್ಲಿಗೂ ಇಲ್ಲ. ಸುಮ್ನೆ ಹೋಗಿ ಬರ್ತೀನಿ."

ಕೋಪ ಬರಬೇಕು ಎಂದು ಮೇಷ್ಟ್ರಿಗೆ ತೋರಿತು. ಬಂತು ಕೂಡ, ಆದರೆ ಎಲ್ಲಿ ನಿಲ್ಲಬೇಕೆಂದು ಅದಕ್ಕೇ ತಿಳಿಯಲಿಲ್ಲ. ಹೆಂಡತಿ ಕದ್ದು ಕಲಿತದ್ದಕ್ಕೋ, ಎದುರಾಳಿ ಶಾಲೆಗೆ ಹೋದದ್ದಕ್ಕೋ, ಇಷ್ಟು ದಿನ ತಮ್ಮನ್ನು ಹೀಗೆ ಬೇಯಲು ಬಿಟ್ಟದ್ದಕ್ಕೋ? "ನಾನಿಲ್ಲಿ ಒದ್ದಾಡ್ತಿದ್ರೆ ನೀನು ನೋಡ್ತಾ ಕೂತಿದ್ದೆಯಲ್ಲೇ!" ಎಂದು ಕೂಗಿದರು.

"ನೀವು ಗೀರಿಗೆ ಬೇಜಾರು ಮಾಡ್ಕೊಂಡಿದ್ದೀರ ಅಂದ್ಕೊಂಡೆ. ಹೆದರಿದ್ದೀರ ಅಂತ ಗೊತ್ತಾಗ್ಲಿಲ್ಲ. ನೀವೂ ಹೆದರ್ತೀರ ಅಂತಾನೇ ನನಗೆ ಗೊತ್ತಿರ್ಲಿಲ್ಲ."

"ನನ್ನನ್ನೇ ಕೇಳ್ಬಹುದಿತ್ತಲ್ಲ? ಕಲಿಸ್ತಿರ್ಲಿಲ್ವಾ?"

"ಕಲಿಸಿದ್ರಲ್ಲ ಒಂದು ದಿನ."

ಆ ದಿನ ಮೇಷ್ಟ್ರಿಗೂ ನೆನಪಿತ್ತು. ಮದುವೆಯಾದ ಹೊಸತು, ನಾಲ್ಕು ರಸ್ತೆ ಸೇರುವಲ್ಲಿ ಕಾರು ಆಫ್ ಆಯಿತು, ಹಿಂದೆ ಹಾರನ್ನುಗಳ ಗಲಾಟೆ, ಇವಳು ಬಾಗಿಲು ತೆಗೆದು ಇಳಿದು ನಡೆದೇ ಹೋದಳು. ಎಷ್ಟೋ ಸಲ ಅದನ್ನು ಹೇಳಿ ನಗಿಸಿದ್ದೂ ಉಂಟು. "ನೀನೇ ಇಳಿದು ಹೋದೆಯಲ್ಲ" ಎಂದರು.

"ನಾನು ಇಳೀಲಿಲ್ಲ. ನೀವು ಹ್ಯಾಂಡ್‌ಬ್ರೇಕ್ ಎಳೆದು, ಇಳಿ ಅಂದ್ರಿ. ಇದು ನಿನ್ನ ಕೈಲಾಗೋ ಕೆಲಸ ಅಲ್ಲ ಅಂದ್ರಿ. ಹಿಂದಿನ ಸೀಟಲ್ಲಿ ನಿಮ್ಮ ಇಬ್ಬರು ಸ್ಟೂಡೆಂಟ್ಸ್ ಕೂತಿದ್ರು. ಅವರು ನಕ್ಕರು."

ಹಿಂದಿನ ಸೀಟಿನಲ್ಲಿ ಯಾರಾದರೂ ಇದ್ದರೇ? ಮೇಷ್ಟ್ರು ನೆನಪು ಮಾಡಿಕೊಳ್ಳಲು ನೋಡಿದರು. ಹಾರನ್ನು ಕೇಳಿಸಿತು, ತೆರೆದ ಬಾಗಿಲು ಕಾಣಿಸಿತು. ಬಾಗಿಲಿಗೆ ಮುಂಚಿನ ಮಾತು ಮಾತ್ರ ಎಷ್ಟು ತಡಕಾಡಿದರೂ ಸಿಗಲಿಲ್ಲ. ಮಡದಿ ಸುಳ್ಳು ಹೇಳುವವಳಲ್ಲ. ಹಾಗಂತ ಅಷ್ಟು ವರ್ಷ ತಾವು ಹೇಳಿಕೊಂಡು ಬಂದದ್ದೂ ಸುಳ್ಳೆಂದು ಒಮ್ಮೆಯೂ ಅನಿಸಿರಲಿಲ್ಲ. ಏನೂ ತೋಚದೆ ಹಾಳಾದ ಬಣ್ಣವನ್ನು ಒರೆಸತೊಡಗಿದರು. ಅವಳು ಬಂದು ಕೂತು, ಜಾರಿದ ಎಲೆಗಳನ್ನು ಮತ್ತೆ ಸಂದಿಗೆ ಸಿಕ್ಕಿಸಿದಳು.

ಮರುದಿನ ಮಧ್ಯಾಹ್ನ ಬಣ್ಣ ಒಣಗಿದ ಮೇಲೆ ಮೇಷ್ಟ್ರು ಚಕ್ರ ಕೂಡಿಸಿ, ನಟ್ಟು ಬಿಗಿದು, ಕೀಲಿ ಅವಳ ಕೈಗೆ ಕೊಟ್ಟರು. "ಶಾಲೆಗೆ ಹೋಗ್ಬೇಕು. ಕೊಟ್ಟ ಮಾತು ವಾಪಸ್ ತಗೊಳ್ಳೋಕೆ. ನಡಿ, ನೀನೇ ಓಡಿಸು."

ದಾರಿಯುದ್ದಕ್ಕೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು, ಬಾಯಿ ಮಾತ್ರ ಬಿಗಿದುಕೊಂಡಿತ್ತು. ಅವಳು ಅವಸರ ಮಾಡಲಿಲ್ಲ. ಎದುರಿನವರಿಗೆ ದಾರಿ ಬಿಟ್ಟಳು, ತಿರುವಿನಲ್ಲಿ ಗೇರು ಇಳಿಸಿದಳು, ಕ್ಲಚ್ಚನ್ನು ಮೇಷ್ಟ್ರಿಗೂ ಹೊಟ್ಟೆಕಿಚ್ಚಾಗುವಷ್ಟು ನಯವಾಗಿ ಬಿಟ್ಟಳು. ಶಾಲೆಯ ಮುಂದೆ ಎರಡು ಕಾರುಗಳ ನಡುವೆ ಜಾಗವಿತ್ತು. ಅವಳು ಕಾರನ್ನು ಹಿಂದಕ್ಕೆ ತರುತ್ತಿದ್ದಂತೆ ಮೇಷ್ಟ್ರು ಮೆಲ್ಲಗೆ, "ಎಡಗಡೆ ಕನ್ನಡಿ ಸ್ವಲ್ಪ ಕೆಳಗೆ ಮಾಡ್ಕೋ. ಕಲ್ಲು ಕಾಣುತ್ತೆ" ಎಂದರು. ಅವಳು ಮಾಡಿಕೊಂಡಳು. ಕಾರು ಕಲ್ಲಿಗೆ ತಾಗದೆ ನಿಂತಿತು.

ಮೆಟ್ಟಿಲ ಮೇಲೆ ನಿಂತಿದ್ದ ಯಜಮಾನರು ಇದನ್ನೆಲ್ಲ ನೋಡಿ ಕಿಟಕಿಯ ಹತ್ತಿರ ಬಂದರು. ಮೇಷ್ಟ್ರು, ಅಂದಾಜು ಹೋಗಿಲ್ಲ, ತಪ್ಪು ತಿಳುವಳಿಕೆಯಾಗಿತ್ತು, ಕೆಲಸ ಬಿಡುವುದಿಲ್ಲ ಎಂದರು. "ನಿಮ್ಮನ್ನ ಬಿಟ್ಟೋರು ಯಾರು, ನಾಲ್ಕು ಗಂಟೆಗೆ ಒಬ್ಬರು ಕಾಯ್ತಿದ್ದಾರೆ ಹೋಗಿ" ಎಂದ ಯಜಮಾನರು, ಸ್ಟೀರಿಂಗ್ ಹಿಡಿದು ಕೂತವಳನ್ನು ನೋಡಿ ತಲೆದೂಗಿದರು. "ಎಷ್ಟು ಚೆನ್ನಾಗಿ ನಿಲ್ಲಿಸಿದ್ರಮ್ಮ! ಮೇಷ್ಟ್ರ ಹೆಂಡತಿ ಅಂದ್ರೆ ಕೇಳ್ಬೇಕಾ. ಇವರೇ ಕಲಿಸಿದ್ದು ತಾನೇ?"

ಹೌದೆಂದುಬಿಡಬಹುದಿತ್ತು. ಹೆಂಡತಿಯೂ ತಲೆಯಾಡಿಸಲು ಸಿದ್ಧಳಾಗಿದ್ದಳು.

"ನಾನಲ್ಲ ಸಾರ್" ಎಂದರು ಮೇಷ್ಟ್ರು. "ನಾನು ಇವಳನ್ನ ನಡುರಸ್ತೇಲಿ ಇಳಿಸಿದೋನು."

ಯಜಮಾನರು ತಲೆಬುಡ ಅರ್ಥವಾಗದೆ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದರು. ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡು, ಇಂಜಿನ್ ಆಫ್ ಮಾಡುವುದನ್ನೂ ಮರೆತು, ತನ್ನ ಬದಿಯ ಕಿಟಕಿಯ ಗಾಜು ಏರಿಸತೊಡಗಿದಳು.