ಲಿಗೋರಿ ಮಾಸ್ಟ್ರ ಪೆನ್ಸಿಲು

ಲಿಗೋರಿ ಮಾಸ್ಟ್ರಿಗೆ ಕಾದಂಬರಿ ಓದಿದರೆ ಸಾಲದು, ಅದರಲ್ಲಿ ಬರುವ ಜಾಗವನ್ನು ನೋಡಿಯೇ ಬರಬೇಕು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಟವರೇ ನಮ್ಮ ವಾಚನಾಲಯದ ಪುಸ್ತಕವನ್ನು ಕಂಕುಳಲ್ಲಿಟ್ಟು ಸುರತ್ಕಲ್ಲಿಗೋ ವಾಮಂಜೂರಿಗೋ ಬಸ್ಸು ಹತ್ತುತ್ತಾರೆ. ಸೋಮವಾರ ಅದನ್ನು ನನ್ನ ಮೇಜಿನ ಮೇಲೆ ಕುಕ್ಕಿ, “ಎಂತ ಬರೀತಾರೆ ಮಾರಾಯ್ರೆ! ಗುಡ್ಡದಲ್ಲಿ ಆಲದ ಮರ ಉಂಟಂತೆ. ಅಲ್ಲಿರುವುದು ಬರೀ ಗೇರು!” ಎಂದು ರೇಗುತ್ತಾರೆ. ಅಂಚಿನಲ್ಲಿ ಪೆನ್ಸಿಲಿನಿಂದ ‘ಸುಳ್ಳು, ನಾನೇ ಹೋಗಿ ನೋಡಿದ್ದೇನೆ’ ಎಂದು ಬರೆದಿರುತ್ತಾರೆ. ಅವರು ಓದಿಯೂ ತಿದ್ದದ ಪುಸ್ತಕ ನಮ್ಮ ಕಪಾಟಿನಲ್ಲಿ ಒಂದೇ. ಅದನ್ನು ಎಂಟು ಸಲ ಒಯ್ದಿದ್ದಾರೆ. ಅದರಲ್ಲಿ ಬರುವುದು ಅತ್ತಾವರದ ಅವರದೇ ಮನೆಯ ಬಾವಿ. ಐವತ್ತೆರಡನೇ ಇಸವಿಯಲ್ಲಿ ಅವರ ತಂಗಿ ಲೂರ್ಡ್ಸ್ ಹಾರಿ ಸತ್ತ ಬಾವಿ. ಕಾದಂಬರಿಯಲ್ಲಿ ಮಾತ್ರ ನೆರೆಯವರು ಹಗ್ಗ ಇಳಿಸಿ ಹುಡುಗಿಯನ್ನು ಜೀವಸಹಿತ ಮೇಲೆತ್ತುತ್ತಾರೆ. ಆ ಪುಟಕ್ಕೆ ಮಾಸ್ಟ್ರ ಪೆನ್ಸಿಲು ಇದುವರೆಗೂ ತಾಗಿಲ್ಲ.