ಮೇಷ್ಟ್ರ ಮೈಕು ಕದ್ದು ಕೇಳಿದ ಪದ್ಯಗಳು

ಬೆಳಗಿನ ಐದು ಗಂಟೆ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಒಂದು ಕಿಟಕಿಗೆ ಮಾತ್ರ ದೀಪ ಹತ್ತಿದೆ. ಒಳಗೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದಾರೆ. ಎಡಗೈ ಬೆರಳು ವಾಲ್ಯೂಮ್ ಗುಂಡಿಯ ಮೇಲೆ, ಬಲಗೈಯಲ್ಲಿ ಪೆನ್ಸಿಲ್, ಮುಂದೆ ರೂಲು ಹಾಕಿದ ನೋಟ್‌ಬುಕ್. ಇದ್ದಕ್ಕಿದ್ದಂತೆ ಅವರ ಬೆರಳು ಗುಂಡಿಯನ್ನು ಸರಕ್ಕನೆ ತಿರುಗಿಸುತ್ತದೆ, ಹೆಗಲು ಕುಗ್ಗುತ್ತದೆ, ಯಾರೋ ಹೊಡೆಯಲು ಬಂದಂತೆ. ಒಂದು ಕ್ಷಣ ಬಿಟ್ಟು ಗುಂಡಿ ಮತ್ತೆ ಮೇಲೇರುತ್ತದೆ, ಪೆನ್ಸಿಲ್ ಎರಡು ಪದ ಬರೆಯುತ್ತದೆ.

"ಅದು ಮೇಷ್ಟ್ರ ಭೇಷ್," ಎನ್ನುತ್ತಾರೆ ಹೆಡ್‌ಫೋನ್ ತೆಗೆದು. "ಮುಂಚೇನೇ ಗುಂಡಿ ಇಳಿಸದೆ ಹೋದ್ರೆ ಕಿವಿಗೆ ಏಟು ಬಿದ್ದಂಗೆ. ಎಲ್ಲಿ ಬರುತ್ತೆ ಅಂತ ಈಗ ಬಾಯಿಪಾಠ ಆಗಿದೆ."

ಬೀದಿಯವರಿಗೆ ಇವರು ಕಿವಿಯಕ್ಕ. ಎದುರಿನ ವೆಲ್ಡಿಂಗ್ ಅಂಗಡಿ ಬಾಗಿಲು ತೆಗೆಯುವುದು ಆರೂವರೆಗೆ. ಅದಾದ ಮೇಲೆ ಈ ಕೋಣೆಯಲ್ಲಿ ಸಣ್ಣ ಸದ್ದು ಯಾವುದೂ ಬದುಕುವುದಿಲ್ಲ. ಹಾಗಾಗಿ ದಿನಕ್ಕೆ ಒಂದೂವರೆ ಗಂಟೆ, ಅಷ್ಟೇ ಅವರ ಕೆಲಸ. ಅದೃಷ್ಟವಿದ್ದರೆ ಎಂಟು ಸಾಲು ಸಿಗುತ್ತದೆ. ಇಲ್ಲದಿದ್ದರೆ ಮೇಷ್ಟ್ರ ಕೆಮ್ಮು.

ಇದೊಂದು ಪುಟ್ಟ ಸಮುದಾಯ ರೇಡಿಯೊ. ಹದಿನೈದು ಕಿಲೋಮೀಟರ್ ದಾಟಿದರೆ ಬರೀ ಗೊರಗೊರ. ಆದರೆ ವಾರಕ್ಕೊಮ್ಮೆ 'ಬಾಯಿಮಾತು' ಬರುವ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಕತ್ತರಿ ನಿಲ್ಲುತ್ತದೆ. ಪುಸ್ತಕ ಬರೆದ ಕವಿಗಳು, ಪುಸ್ತಕವನ್ನೇ ಮುಟ್ಟದ ಕವಿಗಳು, ಕಥೆ ಹೇಳುವವರು, ಮಾತಿನ ಮಲ್ಲರು, ಯಾರು ಬಂದರೂ ಮೈಕಿನ ಮುಂದೆ ಒಂದು ಕುರ್ಚಿ ಇದೆ. ಎದುರಿನ ಕುರ್ಚಿಯಲ್ಲಿ ಪ್ರಶ್ನೆ ಕೇಳುವವರು ನಿವೃತ್ತ ಶಾಲಾ ಮೇಷ್ಟ್ರು. ಗಾಜಿನ ಆಚೆ ಕೂತು ಧ್ವನಿ ಹಿಡಿಯುವವರು ಕಿವಿಯಕ್ಕ.

ಮೊದಲು ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರವರ ಸುಖದುಃಖವನ್ನೆಲ್ಲ ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸಿದವರು. ಯಂತ್ರ ಬಂದು ಆ ಕುರ್ಚಿ ಹೋಯಿತು. ಕಸ ಗುಡಿಸಲೆಂದು ರೇಡಿಯೊಗೆ ಬಂದವರು ಒಂದು ದಿನ, ಕವಿಯ ಬಲಗಾಲಿನ ಚಪ್ಪಲಿ ಕಿರುಗುಡುತ್ತಿದೆ, ಅದು ರೆಕಾರ್ಡಿಂಗಿನಲ್ಲಿ ಬರುತ್ತಿದೆ ಎಂದರು. ಎಲ್ಲರೂ ನಕ್ಕರು. ಆಮೇಲೆ ಕೇಳಿಸಿಕೊಂಡರು. ಪೊರಕೆ ಬೇರೆಯವರ ಕೈಗೆ ಹೋಯಿತು. ಅಂದಿನಿಂದ ಹತ್ತೊಂಬತ್ತು ವರ್ಷ, ಕೆಮ್ಮು, ಏದುಸಿರು, ಗಂಟಲು ಸರಿಮಾಡಿಕೊಳ್ಳುವುದು, ಎಲ್ಲವನ್ನೂ ಬೆಣ್ಣೆಯೊಳಗಿನ ಕೂದಲು ತೆಗೆದಂತೆ ತೆಗೆದಿದ್ದಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡನ ದೂರು ಒಂದೇ: ಇರುವೆ ನಡೆದರೂ ಕೇಳುವ ಹೆಂಡತಿಗೆ, ಟೀ ಕೊಡೆಂದು ತಾನು ಕೂಗಿದ್ದು ಮಾತ್ರ ಕೇಳುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಎಲೆಮರೆಯ ಕಾಯಿಯೊಂದರ ಸರಳ ಕಥೆ. ಬರೆದು, ಫೋಟೊ ಹಾಕಿ, ಮುಗಿಸಬಹುದಿತ್ತು. ಆದರೆ ಎರಡನೇ ಲೋಟ ಟೀ ಮುಗಿಯುವ ಹೊತ್ತಿಗೆ ಕಿವಿಯಕ್ಕ, ಬೇರೆ ಯಾರದೋ ಸುದ್ದಿ ಹೇಳುವವರಂತೆ ಹೇಳುತ್ತಾರೆ.

"ಇಲ್ಲಿದ್ದ ಕವಿಗಳನ್ನೆಲ್ಲ ಅಳಿಸಿದ್ದು ನಾನೇ. ಅದನ್ನ ಬರೀದೆ ಬೇರೇನೂ ಬರೀಬೇಡಿ."

ಬರೆಯಲು ಬಂದವರ ಪೆನ್ನು ನಿಲ್ಲುತ್ತದೆ. ನಿಲ್ಲದೆ ಇನ್ನೇನು ಮಾಡೀತು.

ಆದದ್ದು ಹೀಗೆ. ರೆಕಾರ್ಡಿಂಗಿನಲ್ಲಿ ಎರಡು ಬದಿ ಇರುತ್ತದೆ. ಅತಿಥಿಯ ಮೈಕು ಎಡಬದಿಗೆ, ಮೇಷ್ಟ್ರ ಮೈಕು ಬಲಬದಿಗೆ. ಹಾಗೆ ಬೇರೆ ಬೇರೆ ಹಿಡಿದರೆ ಒಬ್ಬರ ಕೆಮ್ಮು ತೆಗೆಯುವಾಗ ಇನ್ನೊಬ್ಬರ ಮಾತಿಗೆ ಗಾಯವಾಗುವುದಿಲ್ಲ. ಇದು ಕಿವಿಯಕ್ಕ ತಾವೇ ಕಂಡುಕೊಂಡ ಪದ್ಧತಿ. ಪ್ರಸಾರದ ಹೊತ್ತಿಗೆ ಎರಡನ್ನೂ ಬೆರೆಸುತ್ತಾರೆ, ಆಮೇಲೆ ಬೆರೆಸಿದ್ದನ್ನು ತೆಗೆದುಹಾಕಿ, ಒಳ್ಳೆಯವನ್ನು ಆಯ್ದು ಮೂಲವನ್ನು ಮಾತ್ರ ಜೋಪಾನ ಮಾಡುತ್ತಾರೆ. ಹೀಗೆ ಕೂಡಿದ್ದು ಇನ್ನೂರ ಹನ್ನೆರಡು ರೆಕಾರ್ಡಿಂಗ್. ನಾಲ್ಕು ವರ್ಷದ ಹಿಂದೆ ಕಂಪ್ಯೂಟರ್ ತುಂಬಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ. ಒಂದೇ ಬದಿಯಾಗಿ ಉಳಿಸಿದರೆ ಅರ್ಧ ಜಾಗ ಸಾಕೆಂದು ಗೊತ್ತಾಯಿತು. ಶನಿವಾರ ಮಧ್ಯಾಹ್ನ ಯಂತ್ರಕ್ಕೆ ಕೆಲಸ ಹಚ್ಚಿ ಹೋದರು, ಸೋಮವಾರ ಬಂದಾಗ ಮುಗಿದಿತ್ತು.

"ಎರಡೂ ಸೇರಿ ಒಂದಾಗುತ್ತೆ ಅಂದ್ಕೊಂಡಿದ್ದೆ. ಯಂತ್ರ ಸೇರಿಸಲಿಲ್ಲ. ಒಂದನ್ನ ಇಟ್ಕೊಂಡು ಒಂದನ್ನ ಎಸೀತು."

ಎಸೆದದ್ದು ಎಡಬದಿ. ಕವಿಗಳ ಬದಿ.

ಪರೀಕ್ಷಿಸಲಿಲ್ಲವೇ? ಪರೀಕ್ಷಿಸಿದ್ದರು, ಅದೇ ಹೊಟ್ಟೆ ಉರಿಸುವ ವಿಷಯ. ಇನ್ನೂರ ಹನ್ನೆರಡನ್ನೂ ಒಂದೊಂದಾಗಿ ತೆರೆದು, ಮೊದಲ ಹತ್ತು ಸೆಕೆಂಡ್ ಕೇಳಿ, ಪಟ್ಟಿಯಲ್ಲಿ ಟಿಕ್ ಹಾಕಿದ್ದರು. ಪ್ರತಿ ಕಾರ್ಯಕ್ರಮದ ಮೊದಲ ಹತ್ತು ಸೆಕೆಂಡಿನಲ್ಲಿ ಇರುವುದು ಮೇಷ್ಟ್ರ ನಮಸ್ಕಾರ. ಗಟ್ಟಿಯಾಗಿ, ಸ್ಪಷ್ಟವಾಗಿ, ಬಲಬದಿಯಲ್ಲಿ. ಎಲ್ಲ ಸರಿಯಿದೆ ಎಂದು ಮೂಲವನ್ನು ತಮ್ಮ ಕೈಯಾರೆ ಅಳಿಸಿದರು. ಆ ಟಿಕ್ ಹಾಕಿದ ಪಟ್ಟಿ ಇಂದಿಗೂ ಗೋಡೆಯ ಮೇಲಿದೆ, ಅವರು ಅದನ್ನು ಕಿತ್ತುಹಾಕಲು ಯಾರಿಗೂ ಬಿಟ್ಟಿಲ್ಲ.

ಹಳೆಯ ಕಾರ್ಯಕ್ರಮ ಯಾರಿಗೆ ಬೇಕು? ಎರಡೂವರೆ ವರ್ಷ ಯಾರೂ ಕೇಳಲಿಲ್ಲ. ಒಂದು ಮಧ್ಯಾಹ್ನ ಖಾಕಿ ಅಂಗಿಯ ಬಸ್ ಕಂಡಕ್ಟರ್ ಒಬ್ಬಳು ಮೆಟ್ಟಿಲು ಹತ್ತಿ ಬಂದಳು. ಲಾಂಡ್ರಿಯಲ್ಲಿ ನಲವತ್ತು ವರ್ಷ ಇಸ್ತ್ರಿ ಮಾಡಿದ ಅಜ್ಜಿಯ ಮಗಳು. ಎಲ್ಲರೂ ಇಸ್ತ್ರಿಯಮ್ಮ ಎನ್ನುವ ಆ ಅಜ್ಜಿ ಓದು ಬರಹ ಕಲಿತವಳಲ್ಲ. ಇಸ್ತ್ರಿಪೆಟ್ಟಿಗೆಯ ಓಟಕ್ಕೆ ತಕ್ಕಂತೆ ಮೂರು ಸಾಲಿನ ಪದ್ಯ ಕಟ್ಟುತ್ತಿದ್ದಳು. ಎಂಟು ವರ್ಷದ ಹಿಂದೆ ಇದೇ ಕುರ್ಚಿಯಲ್ಲಿ ಕೂತು ಮೂವತ್ತೊಂದು ಪದ್ಯ ಹೇಳಿ ಹೋಗಿದ್ದಳು. ಈಗ ಪಾರ್ಶ್ವವಾಯು ಹೊಡೆದು ಬಲಗೈಯೂ ಮಾತೂ ಎರಡೂ ಹೋಗಿವೆ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಒಂದು ಪದ ಬರುವುದಿಲ್ಲ. ಅಮ್ಮ ಕೆಲಸದ ನಡುವೆ ಗೊಣಗುತ್ತಿದ್ದಾಳೆ ಎಂದು ತಾವೆಲ್ಲ ಕಿವಿಗೊಡಲೇ ಇಲ್ಲ, ಮೂರು ಪದ್ಯವೂ ನೆನಪಿಲ್ಲ, ಆ ರೆಕಾರ್ಡಿಂಗ್ ಕೊಡಿ, ಅಮ್ಮನಿಗೆ ಅವಳದೇ ಧ್ವನಿ ಕೇಳಿಸಬೇಕು ಎಂದಳು ಮಗಳು.

ಕಿವಿಯಕ್ಕ ಹೆಮ್ಮೆಯಿಂದ ಪಟ್ಟಿ ನೋಡಿದರು. ಟಿಕ್ ಇದೆ. ಹೆಡ್‌ಫೋನನ್ನು ಮಗಳ ತಲೆಗೆ ಹಾಕಿ, ಯಂತ್ರ ಚಾಲೂ ಮಾಡಿ, ಟೀ ಸೋಸಲು ಹೋದರು. ಬಂದು ನೋಡಿದರೆ ಆ ಹೆಣ್ಣುಮಗಳ ಮುಖ ಬಿಳಿಚಿಕೊಂಡಿತ್ತು.

"ಅಕ್ಕ, ಇದರಲ್ಲಿ ಮೇಷ್ಟ್ರು ಒಬ್ಬರೇ ಇದ್ದಾರೆ. ಯಾರ ಜೊತೆ ಮಾತಾಡ್ತಿದ್ದಾರೆ?"

ಕಿವಿಯಕ್ಕ ಸ್ಪೀಕರ್ ಹಾಕಿದರು. ಮೇಷ್ಟ್ರು ನಮಸ್ಕಾರ ಹೇಳಿದರು. ಆಮೇಲೆ ಖಾಲಿ. "ಹೌದಾ?" ಎಂದರು. ಖಾಲಿ. "ಭೇಷ್!" ಎಂದರು. ಮತ್ತೆ ಖಾಲಿ. ನಲವತ್ತು ನಿಮಿಷ ಒಬ್ಬ ಮನುಷ್ಯ ಯಾರೂ ಇಲ್ಲದ ಕೋಣೆಯಲ್ಲಿ ತಲೆದೂಗುತ್ತ ಕೂತಿದ್ದ. ಕಿವಿಯಕ್ಕ ಇನ್ನೊಂದನ್ನು ತೆರೆದರು, ಮತ್ತೊಂದನ್ನು ತೆರೆದರು. ಆ ಇನ್ನೂರ ಹನ್ನೆರಡು ಜನರಲ್ಲಿ ಹದಿನೇಳು ಮಂದಿ ಆಗಲೇ ತೀರಿಕೊಂಡಿದ್ದರು. ಟೀ ಲೋಟ ಎಲ್ಲಿಟ್ಟೆ, ಮಗಳಿಗೆ ಏನು ಹೇಳಿ ಕಳಿಸಿದೆ, ಮನೆಗೆ ಯಾವ ದಾರಿಯಲ್ಲಿ ಹೋದೆ, ಒಂದೂ ನೆನಪಿಲ್ಲ ಎನ್ನುತ್ತಾರೆ. ಒಂಬತ್ತು ದಿನ ಯಾರಿಗೂ ಬಾಯಿ ಬಿಡಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ, ನಂಬಲಾಗದೆಯೋ ನಂಬಲು ಇಷ್ಟವಿಲ್ಲದೆಯೋ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಆ ಖಾಲಿಯನ್ನೇ ಕೇಳುತ್ತ ಕೂತರು. ಸುಂಯ್ ಎನ್ನುವ ಸದ್ದಿನ ತಳದಲ್ಲಿ, ಪಕ್ಕದ ಮನೆಯ ಗೋಡೆಯಾಚೆ ಯಾರೋ ಮಾತನಾಡಿದಂತೆ, ಒಂದು ಹೆಂಗಸಿನ ದನಿ ಇತ್ತು. ಮೇಜಿನ ಆಚೆಯಿಂದ ಮೇಷ್ಟ್ರ ಮೈಕೂ ಅಷ್ಟಿಷ್ಟು ಕದ್ದು ಕೇಳಿಸಿಕೊಂಡಿತ್ತು. ಮೈಯ ಕೂದಲು ನಿಮಿರಿ ನಿಂತವು ಎಂದು ಹೇಳುವಾಗ ಇವತ್ತಿಗೂ ಅವರು ತೋಳು ಉಜ್ಜಿಕೊಳ್ಳುತ್ತಾರೆ.

ಅಂದೇ ಮೇಷ್ಟ್ರನ್ನು ಕರೆದು ಎಲ್ಲ ಹೇಳಿದರು. ಬೈಗುಳಕ್ಕೆ ತಯಾರಾಗಿದ್ದರು. ಮೇಷ್ಟ್ರು ಬೈಯಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಅರ್ಧ ಗಂಟೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂವತ್ತೊಂದರಲ್ಲಿ ಹತ್ತೊಂಬತ್ತು ಪದ್ಯಗಳ ಕೊನೆಯ ಪದ ಅವರ 'ಭೇಷ್' ಅಡಿಯಲ್ಲಿ ಸಿಕ್ಕಿ ಅಪ್ಪಚ್ಚಿಯಾಗಿತ್ತು. ಸಾಧಾರಣ ಪದ್ಯಕ್ಕೆ ಅವರು ಸುಮ್ಮನಿದ್ದರು, ಅವೆಲ್ಲ ಉಳಿದಿವೆ. ಚೆನ್ನಾಗಿದ್ದಷ್ಟೂ ಬೇಗ ಹೊಗಳಿದ್ದಾರೆ, ಹೊಗಳಿದಷ್ಟೂ ಹೋಗಿವೆ.

"ನೀನು ಒಂದು ಸಲ ಅಳಿಸಿದೆಯಮ್ಮ," ಎಂದರಂತೆ ಮೇಷ್ಟ್ರು. "ನಾನು ಹತ್ತೊಂಬತ್ತು ವರ್ಷದಿಂದ ಅಳಿಸ್ತಾ ಇದ್ದೀನಿ."

ಮೂರು ಸೆಕೆಂಡಿನ ತುಂಡನ್ನು ಐವತ್ತು ಸಲ, ನೂರು ಸಲ ಕೇಳಿ ಒಂದೊಂದೇ ಪದ ಹೆಕ್ಕುವ ಈ ಕೆಲಸಕ್ಕೆ ಈಗ ಹದಿನೈದು ತಿಂಗಳು. ಇಸ್ತ್ರಿಯಮ್ಮನದು ಮೊದಲು, ಉಳಿದವು ಆಮೇಲೆ. ಇದುವರೆಗೆ ಹನ್ನೊಂದು ರೆಕಾರ್ಡಿಂಗ್ ಕಾಗದಕ್ಕೆ ಇಳಿದಿವೆ. ಬಲಗಿವಿಯಲ್ಲಿ ಸದಾ ಒಂದು ಸಿಳ್ಳೆ ಶುರುವಾಗಿದೆ, ಹೆಡ್‌ಫೋನ್ ಬಿಡಿ ಎಂದಿದ್ದಾರೆ ಕಿವಿ ಡಾಕ್ಟರ್. ಮಾಡಿದ್ದುಣ್ಣೋ ಮಹಾರಾಯ ಎಂದು ನಕ್ಕು ಮತ್ತೆ ಹೆಡ್‌ಫೋನ್ ಕಿವಿಗೆ ಹಾಕುತ್ತಾರೆ ಕಿವಿಯಕ್ಕ.

ಭೇಷ್ ಅಡಿಯ ಪದಗಳಿಗೆ ಯಂತ್ರದಲ್ಲಿ ಮದ್ದಿಲ್ಲ. ಅದಕ್ಕಾಗಿ ಭಾನುವಾರ, ಮಗಳಿಗೆ ರಜೆ ಇರುವ ದಿನ, ನೋಟ್‌ಬುಕ್ ಹಿಡಿದು ಇಸ್ತ್ರಿಯಮ್ಮನ ಮನೆಗೆ ಹೋಗುತ್ತಾರೆ. ಒಂದೇ ಕೋಣೆ, ಕಿಟಕಿಯ ಪಕ್ಕ ಹಳೆಯ ಇಸ್ತ್ರಿ ಮೇಜು, ಅದರ ಮುಂದೆ ಅಜ್ಜಿಯ ಕುರ್ಚಿ. ಸಾಲನ್ನು ಓದಿ, ಖಾಲಿ ಜಾಗಕ್ಕೆ ಒಂದೊಂದು ಪದ ಹಾಕಿ ಕೇಳುತ್ತಾರೆ. ಉತ್ತರ ಹೇಳುವುದು ಅಜ್ಜಿಯ ಎಡಗೈ. ಪದ ತಪ್ಪಾದರೆ ಅಂಗೈ ನೆಟ್ಟಗೆ ನಿಲ್ಲುತ್ತದೆ, ಬಟ್ಟೆ ಸುಡದಂತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದ ಹಾಗೆ. ಸರಿಯಾದರೆ ಮೇಜಿನ ಈ ತುದಿಯಿಂದ ಆ ತುದಿಗೆ ಒಂದೇ ಸಮ ಸರಿಯುತ್ತದೆ.

ಕಾಲರು ಮೊದಲು, ತೋಳು ಆಮೇಲೆ,
ಯಾರದೋ ಅಂಗಿ, ಯಾರದೋ ಮದುವೆ,
ಮಡಿಕೆಯ ಒಳಗೆ ನನ್ನದೇ...

'ಹೆಸರು' ಎಂದರು, ಕೈ ನಿಂತಿತು. 'ಉಸಿರು' ಎಂದರು, ನಿಂತಿತು. 'ಬೆವರು' ಎಂದಾಗ ಕೈ ಮೇಜಿನುದ್ದಕ್ಕೂ ಓಡಿತು. ಹೀಗೆ ಹತ್ತೊಂಬತ್ತೂ ಸಿಕ್ಕವು. ಪೂರ್ತಿ ಉಳಿದಿದ್ದವನ್ನೂ ಓದಿದರು, ಅವಕ್ಕೂ ಕೈ ಸರಿಯಿತು.

ಉಳಿದದ್ದು ಮೂವತ್ತೊಂದನೆಯದು. ಅದರಲ್ಲಿ ಹುಡುಕುವುದೇನೂ ಇರಲಿಲ್ಲ. ಆ ಪದ್ಯ ಕೇಳಿ ಮೇಷ್ಟ್ರೇ ಮೂಕರಾಗಿದ್ದರಿಂದ ಕೊನೆಯ ಪದವೂ ಸ್ಪಷ್ಟವಾಗಿ ಉಳಿದಿತ್ತು. ಕಿವಿಯಕ್ಕ, ಮೇಷ್ಟ್ರು, ಮಗಳು, ಮೂವರೂ ಬೇರೆ ಬೇರೆಯಾಗಿ ಕೇಳಿ ಅದೇ ಪದ ಬರೆದಿದ್ದರು.

ಊರ ಬಟ್ಟೆಯ ಸುಕ್ಕೆಲ್ಲ ತೆಗೆದೆ,
ನನ್ನ ಮುಖದ ಸುಕ್ಕು ಕಂಡು
ಇಸ್ತ್ರಿಪೆಟ್ಟಿಗೆ ಅತ್ತಿತು.

ಓದಿ ಮುಗಿಸಿದಾಗ ಅಜ್ಜಿಯ ಕೈ ನೆಟ್ಟಗೆ ನಿಂತಿತು. ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದೇ ತಪ್ಪಾದರೆ, ಉಳಿದ ಮೂವತ್ತರ ಗತಿಯೇನು? ಕಿವಿಯಕ್ಕನಿಗೆ ತಮ್ಮ ಕಿವಿಯೇ ಕೈಕೊಟ್ಟಿತೇ? ಮುಂದಿನ ಭಾನುವಾರ ಯಂತ್ರವನ್ನೇ ಹೊತ್ತು ಹೋಗಿ ಕೇಳಿಸಿದರು. ಅಜ್ಜಿ ತನ್ನ ದನಿಯನ್ನು ತಾನೇ ಕೇಳಿದಳು, ಕಣ್ಣು ತುಂಬಿತು, ಆದರೂ ಕೈ ನಿಂತೇ ಇತ್ತು. ಮೂರನೆಯ ಭಾನುವಾರವೂ ಅದೇ. ಬೆಚ್ಚಿತು, ಬಾಡಿತು, ಸುಮ್ಮನಾಯಿತು, ಬಾಯಿಗೆ ಬಂದದ್ದನ್ನೆಲ್ಲ ಹೇಳಿ ನೋಡಿದರು. ಕೊನೆಗೆ ಮಗಳ ತಾಳ್ಮೆ ತಪ್ಪಿತು.

"ಅಳಲಿಲ್ಲ ಅಂದ್ರೆ ಇನ್ನೇನಮ್ಮ, ನಕ್ಕಿತಾ?"

ಕೈ ಮೇಜಿನುದ್ದಕ್ಕೂ ಸರಿಯಿತು. ಮತ್ತೆ ವಾಪಸ್ ಬಂದು ಇನ್ನೊಮ್ಮೆ ಸರಿಯಿತು.

ನೋಟ್‌ಬುಕ್ ಕಿವಿಯಕ್ಕನ ತೊಡೆಯಿಂದ ಜಾರಿ ಕೆಳಗೆ ಬಿತ್ತು. ಕಿವಿಯಲ್ಲಿ ದೋಷ ಇರಲಿಲ್ಲ. ಎಂಟು ವರ್ಷದ ಹಿಂದೆ ಅಜ್ಜಿ ಹೇಳಿದ್ದು 'ಅತ್ತಿತು' ಎಂದೇ. ಈಗ ಅವಳಿಗೆ ಆ ಪದ ಬೇಡ.

"ನಾನು ಹಾಳು ಮಾಡಿದ್ದನ್ನ ಹೆಕ್ಕೋಕೆ ಹೋಗಿದ್ದೆ," ಎನ್ನುತ್ತಾರೆ ಕಿವಿಯಕ್ಕ. "ಅವರು ಮಾತಿಲ್ಲದೆ ಕೂತ್ಕೊಂಡು ಪದ್ಯ ತಿದ್ತಾ ಇದ್ರು. ಸತ್ತು ಹೋಯ್ತು ಅಂತ ನಾನು ಅತ್ತಿದ್ದು ಬದುಕೇ ಇತ್ತು."

ಬರುವ ತಿಂಗಳು 'ಬಾಯಿಮಾತು' ಇಸ್ತ್ರಿಯಮ್ಮನ ಮನೆಯಿಂದಲೇ ಬರುತ್ತದೆ. ಪದ್ಯಗಳನ್ನು ಮಗಳು ಓದುತ್ತಾಳೆ. ಮೊದಲು ಎರಡು ನಿಮಿಷ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ, ಕಿವಿಯಕ್ಕ ಮಾತನಾಡುತ್ತಾರೆ. ಏನು ಅಳಿಸಿದೆ, ಹೇಗೆ ಅಳಿಸಿದೆ ಎಂದು ಊರಿಗೆ ತಾವೇ ಹೇಳಬೇಕಂತೆ. ಮೇಷ್ಟ್ರು ಬೇಡವೆಂದರೂ ಕೇಳಿಲ್ಲ. ಮೇಷ್ಟ್ರಿಗೂ ಅಲ್ಲೊಂದು ಕುರ್ಚಿ ಇರುತ್ತದೆ, ಮೈಕು ಇರುವುದಿಲ್ಲ. ಅವರೇ ಒಪ್ಪಿದ್ದಾರೆ.

ಎದುರಿಗೆ ವೆಲ್ಡಿಂಗ್ ಅಂಗಡಿಯ ಷಟರ್ ಮೇಲೇರುತ್ತದೆ. ಕಿವಿಯಕ್ಕ ಪೆನ್ಸಿಲ್ ಇಟ್ಟು, ಹೆಡ್‌ಫೋನಿನ ತಂತಿ ಸುತ್ತುತ್ತ, ತಮ್ಮದೊಂದೇ ಆಸೆ ಎನ್ನುತ್ತಾರೆ.

"ಒಂದು ಮೈಕು ಮಗಳಿಗೆ. ಇನ್ನೊಂದು ಆ ಮೇಜಿಗೆ, ತೀರಾ ಹತ್ತಿರ. ಅವರ ಕೈ ಈ ತುದಿಯಿಂದ ಆ ತುದಿಗೆ ಸರಿಯೋ ಸದ್ದು ಇದೆಯಲ್ಲ, ಅದನ್ನ ಹಿಡೀಬೇಕು. ಈ ಸಲ ಎರಡೂ ಬದಿ ಉಳಿಸ್ತೀನಿ. ಕೊನೇವರೆಗೂ ಕೇಳಿ ಆಮೇಲೆ ಟಿಕ್ ಹಾಕ್ತೀನಿ."