ಹಾಡಿಗೆ ಹಾರುವ ಕಾಲು

ಕಬ್ಬಿನ ಟ್ರ್ಯಾಕ್ಟರಿನ ಟೇಪ್ ರೆಕಾರ್ಡರಿನಿಂದ ಹಾಡು ಕೇಳಿದರೆ ಸಾಕು, ನಾನು ಗಟಾರಕ್ಕೆ ಹಾರುತ್ತಿದ್ದ ಕಾಲವೊಂದಿತ್ತು. ಬಿ.ಎ.ಯಲ್ಲಿ ಮನಶ್ಶಾಸ್ತ್ರ ಓದಿದವನಾದ್ದರಿಂದ ಹಾರುವಾಗಲೇ ಕಾರಣವೂ ಗೊತ್ತಿರುತ್ತಿತ್ತು. ಗೊತ್ತಿದ್ದೇನು ಬಂತು? ನನ್ನ ಕಾಲುಗಳು ಚಿಕ್ಕೋಡಿಯ ಕಾಲೇಜಿಗೆ ದಿನಾ ಬಂದಿದ್ದವೇ ಹೊರತು ಪಾಠ ಕೇಳಿರಲಿಲ್ಲ.

ಪುಸ್ತಕದಲ್ಲೊಂದು ನಾಯಿ ಇತ್ತು. ಗಂಟೆ ಬಾರಿಸಿ ಊಟ ಹಾಕುವುದು ರೂಢಿಯಾದ ಮೇಲೆ ಅದು ಬರೀ ಗಂಟೆಗೇ ಜೊಲ್ಲು ಸುರಿಸುತ್ತಿತ್ತು. ಆ ಬಡಪಾಯಿಯನ್ನು ಓದಿ ನಕ್ಕಿದ್ದೆ. ಶಾಪ ತಟ್ಟಿತು.

ನಮ್ಮ ಕಡೆ ಕಬ್ಬು ಕಡಿಯುವ ಹಂಗಾಮಿನಲ್ಲಿ, ಹೊರಟ ಟ್ರೇಲರಿನ ಹಿಂದೆ ಓಡಿ ಒಂದು ಕಬ್ಬು ಎಳೆದುಕೊಳ್ಳದವನನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ವಂತ ಹೊಲದ ತುಂಬ ಕಬ್ಬಿರುವ ಗೆಳೆಯ ಅಣ್ಣಪ್ಪನೂ ಎಳೆಯುತ್ತಿದ್ದ. ಕಸಿದ ಕಬ್ಬಿನ ಸಿಹಿಯೇ ಬೇರೆ. ಅಂಕಲಿ ಕ್ರಾಸಿನಲ್ಲಿ ಅವನು ಎಳೆದ ದಿನ ಹೊರೆಯ ಹಗ್ಗ ಸಡಿಲಿತ್ತು. ನೋಡನೋಡುತ್ತ ಕಬ್ಬೆಲ್ಲ ವಾಲಿ ಅವನ ಕಡೆಗೇ ಕುಸಿಯಿತು. ಅಣ್ಣಪ್ಪ ಕಾಣಲಿಲ್ಲ. ಟೇಪಿನಲ್ಲಿ ಮರಾಠಿ ಹಾಡು ಮಾತ್ರ ನಡೆದೇ ಇತ್ತು. ಧೂಳು ಇಳಿದಾಗ ಅವನು ಆಚೆ ಬದಿಯ ಗಟಾರದಿಂದ ಎದ್ದು ಬಂದ, ಕೈಯಲ್ಲಿ ಅದೇ ಕಬ್ಬು.

“ತಗೋಲೇ ಮಾಸ್ತರ, ಸೀ ಐತಿ,” ಎಂದ.

ಆ ಹೊರೆ ಈಗಲೂ ನನ್ನ ಕಣ್ಣೊಳಗೆ ಬೀಳುತ್ತಲೇ ಇರುತ್ತದೆ. ಮನಸ್ಸೆಂಬುದು ಎಂಥ ಫೌಜದಾರ ನೋಡಿ: ತಪ್ಪು ಹಗ್ಗದ್ದು, ಹಿಡಿದು ಒಳಗೆ ಹಾಕಿದ್ದು ಪಕ್ಕದಲ್ಲಿದ್ದ ಹಾಡನ್ನು. ರಾಯಬಾಗದ ಮದುವೆಯೊಂದರಲ್ಲಿ ಅದೇ ಹಾಡು ಹಾಕಿದಾಗ ಜಿಲೇಬಿ ಸಮೇತ ಪಂಕ್ತಿಯಿಂದ ಹಾರಿದೆ. ಅದು ನಗೆಗಾಯಿತು. ಆದರೆ ನಾನು ಕಲಿಸುವ ಶಾಲೆಗೆ ಹೋಗುವ ಬಸ್ಸು ನಿಲ್ಲುವುದೂ ಅದೇ ಕ್ರಾಸಿನಲ್ಲಿ. ನಾನು ಗಟಾರದಿಂದ ಏಳುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಹೀಗೇ ಆದರೆ ನೌಕರಿಯೂ ಗಟಾರಕ್ಕೇ ಎಂದು ಹೆಡ್‌ಮಾಸ್ತರರು ಸೂಚಿಸಿದರು.

“ಇದನ್ನ ಬಿಡಸೂ ದಾರಿ ನಿನ್ನ ಪುಸ್ತಕದಾಗ ಐತೋ ಇಲ್ಲೋ?” ಎಂದು ಅಣ್ಣಪ್ಪ ಕೇಳಿದ.

ಇತ್ತು. ಊಟ ಹಾಕದೆ ಬರೀ ಗಂಟೆ ಬಾರಿಸುತ್ತ ಹೋದರೆ ಜೊಲ್ಲು ಕ್ರಮೇಣ ನಿಲ್ಲುತ್ತದೆ. ಅಣ್ಣಪ್ಪ ದಿನಾ ಸಂಜೆ ನನ್ನನ್ನು ಕ್ರಾಸಿನ ಚಹಾದಂಗಡಿಯ ಬಾಕಿನ ಮೇಲೆ ಕೂಡಿಸಿ, ಓಡದಂತೆ ಮಣಿಕಟ್ಟು ಹಿಡಿದು, ಹೋಗುವ ಟ್ರ್ಯಾಕ್ಟರುಗಳನ್ನೆಲ್ಲ ಕೇಳಿಸಿದ. ಮೊದಮೊದಲು ಚಹಾವನ್ನು ನನ್ನ ಅಂಗಿ ಕುಡಿಯಿತು. ಬರಬರುತ್ತ ನಾನೇ ಕುಡಿಯತೊಡಗಿದೆ.

ಒಂದು ಸಂಜೆ ಅದೇ ಹಾಡಿನ ಟ್ರ್ಯಾಕ್ಟರು ಮೂಗಿನ ಮುಂದೆಯೇ ಹೋಯಿತು. ಚಹಾ ಹನಿಯೂ ತುಳುಕಲಿಲ್ಲ. ಹಿಗ್ಗಿ, “ಹೋಗಲೇ, ಒಂದು ಕಬ್ಬು ಎಳಕೊಂಡು ಬಾ,” ಎಂದೆ.

“ಹಲ್ಲ ನೋಯಾಕತ್ತಾವು,” ಎಂದ ಅಣ್ಣಪ್ಪ.

ಆಗ ಹೊಳೆಯಿತು, ಇಷ್ಟು ದಿನ ಅವನು ಒಂದು ಟ್ರೇಲರಿನ ಹಿಂದೆಯೂ ಎದ್ದು ಓಡಿರಲಿಲ್ಲ. ಹಾಡು ದೂರ ಹೋಗಿತ್ತು. ನನ್ನ ಮಣಿಕಟ್ಟನ್ನು ಅವನಿನ್ನೂ ಬಿಗಿಯಾಗಿ ಹಿಡಿದೇ ಇದ್ದ. ನಾನು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿದ್ದ ಕಪ್ಪು ಎತ್ತಿ ತೋರಿಸಿ, ಮತ್ತೆರಡು ಚಹಾ ಹೇಳಿದೆ.